ಸಂಕಲ್ಪ ಮುರಿದವರಿಗಾಗಿ ಒಂದು ಧ್ಯಾನಕೂಟ: ಧಾರವಾಡದ ವಾರಾಂತ್ಯ ಶಿಬಿರದ ವಿಮರ್ಶೆ

ಧಾರವಾಡದ ಪ್ರೊಟೆಸ್ಟೆಂಟ್ ಸಭೆಯೊಂದು ತನ್ನ ಆವರಣದಲ್ಲಿರುವ ಹಳೆಯ ವಸತಿಗೃಹದಲ್ಲಿ ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಧ್ಯಾನಕೂಟವನ್ನು ನಡೆಸುತ್ತದೆ. ಒಳ್ಳೆಯದನ್ನು ಮಾಡಬೇಕೆಂದು ಮನಸಾರೆ ನಿಶ್ಚಯಿಸಿ, ಮಾಡಲಾಗದೆ ಸೋತ ಮನುಷ್ಯನು ಕ್ರಿಸ್ತನನ್ನು ಆಶ್ರಯಿಸುವುದು ಹೇಗೆ ಎಂಬುದು ಈ ಬಾರಿಯ ವಿಷಯವಾಗಿತ್ತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಬೋಧನೆ ನಮ್ಮ ಭಾಗದಲ್ಲಿ ಅಪರೂಪವಾಗಿ ಸಿಗುವಂಥದ್ದು, ಊಟ ವಸತಿಗಳು ಕೊಟ್ಟ ಹಣಕ್ಕೆ ನ್ಯಾಯ ಒದಗಿಸುತ್ತವೆ, ಆದರೆ ಸಮಾರೋಪದ ಅರ್ಧ ಗಂಟೆಯಲ್ಲಿ ಸಂಘಟಕರು ಅಲ್ಲಿಯವರೆಗೆ ತಾವೇ ಕಲಿಸಿದ್ದನ್ನು ತಮ್ಮ ಕೈಯಿಂದಲೇ ಕೆಡವಿದರು. ಸಂಘಟಕರ ಹೆಸರನ್ನು ಬರೆಯುತ್ತಿಲ್ಲ. ನಾನು ಇಲ್ಲಿ ಎತ್ತುವ ಆಕ್ಷೇಪ ಒಂದು ಸಭೆಗೆ ಸೀಮಿತವಾದುದಲ್ಲ, ಹುಬ್ಬಳ್ಳಿಯಿಂದ ಹಾವೇರಿಯವರೆಗೆ ಇಂಥ ಕೂಟಗಳನ್ನು ನಡೆಸುವ ಬಹುತೇಕರಿಗೆ ಅದು ಸಲ್ಲುತ್ತದೆ.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶುಲ್ಕ ತಲೆಗೆ ಸಾವಿರ ರೂಪಾಯಿಯೊಳಗೆ ಇದೆ, ಕೊಡಲಾಗದವರಿಂದ ಕೇಳುವುದೂ ಇಲ್ಲ. ಮೂವರಿಗೆ ಒಂದು ಕೋಣೆ, ಹಾಸಿಗೆ ಹೊದಿಕೆಗಳು ಸ್ವಚ್ಛವಾಗಿವೆ, ಬಿಸಿನೀರು ಮಾತ್ರ ಬೆಳಗಿನ ಒಂದೂವರೆ ಗಂಟೆಯಷ್ಟೇ. ಸಭಾಂಗಣ ಮೇಲಿನ ಅಂತಸ್ತಿನಲ್ಲಿದ್ದು ಮೆಟ್ಟಿಲುಗಳು ಕಡಿದಾಗಿರುವುದರಿಂದ ಮೊಣಕಾಲು ನೋವಿರುವ ಹಿರಿಯರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಡಿಕೆ ಕಾಳಿನ ಪಲ್ಯ ಹೊತ್ತಿಗೆ ಸರಿಯಾಗಿ ಬಂದವು, ಶನಿವಾರ ಮಧ್ಯಾಹ್ನದ ಕೋಳಿ ಸಾರಿನ ಬಗ್ಗೆ ದೂರು ಹೇಳಿದವರು ಯಾರೂ ಇರಲಿಲ್ಲ. ಹುಬ್ಬಳ್ಳಿಯಿಂದ ಬರುವವರಿಗೆ ಚಿಗರಿ ಬಸ್ಸು ಅನುಕೂಲ. ಗದಗ ಮತ್ತು ಹಾವೇರಿ ಕಡೆಯಿಂದ ಬಂದ ಕೆಲವರು ಶುಕ್ರವಾರದ ಮೊದಲ ಅಧಿವೇಶನದ ಅರ್ಧವನ್ನು ಕಳೆದುಕೊಂಡರು, ಆರಂಭವನ್ನು ಒಂದು ಗಂಟೆ ಮುಂದಕ್ಕೆ ಹಾಕಿದರೆ ಈ ತೊಂದರೆ ತಪ್ಪುತ್ತದೆ.

ವಿಷಯದ ಆಯ್ಕೆಗೆ ಈ ಊರಿನಲ್ಲಿ ಒಂದು ಹಿನ್ನೆಲೆಯಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಆರಂಭವಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಹೂಡಿತು. ಆ ಮಿಷನರಿಗಳಲ್ಲಿ ಬಹಳಷ್ಟು ಜನ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು, ಭಕ್ತಿಯನ್ನು ಹೃದಯದ ಪರಿವರ್ತನೆಯಿಂದ ಮತ್ತು ನಡತೆಯ ಕಟ್ಟುನಿಟ್ಟಿನಿಂದ ಅಳೆಯುತ್ತಿದ್ದ ಪಯಟಿಸ್ಟ್ ಪರಂಪರೆಯಲ್ಲಿ ಬೆಳೆದವರು. ಆ ಶಿಸ್ತು ಈ ಭಾಗದ ಕ್ರೈಸ್ತ ಕುಟುಂಬಗಳಿಗೆ ಶಾಲೆಯನ್ನು, ಕಸುಬನ್ನು, ಸಮಯಪಾಲನೆಯನ್ನು ಕಲಿಸಿತು ಎಂಬುದರಲ್ಲಿ ಅನುಮಾನವಿಲ್ಲ. ಅದರ ಜೊತೆಯಲ್ಲಿಯೇ, ಸೋತವನು ತನ್ನ ಸೋಲನ್ನು ಬಾಯಿಬಿಟ್ಟು ಹೇಳಲಾಗದ ಒಂದು ಸಂಕೋಚವೂ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದಿದೆ ಎಂದು ನಾನು ಭಾವಿಸುತ್ತೇನೆ. ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಂಚಿನಲ್ಲಿ ಕುಳಿತವನಿಗೆ ಹಿಂದಿನ ರಾತ್ರಿ ಮನೆಯಲ್ಲಿ ಏನು ನಡೆಯಿತೆಂದು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಆ ಬೆಂಚಿನವರನ್ನೇ ಉದ್ದೇಶಿಸಿ ಕೂಟವೊಂದನ್ನು ಏರ್ಪಡಿಸಿದ್ದು ಸಂಘಟಕರ ದಿಟ್ಟತನ.

ಶುಕ್ರವಾರ ರಾತ್ರಿಯ ಪಾಠ ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯ. ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡದೆ, ಬೇಡವೆಂದ ಕೆಟ್ಟದ್ದನ್ನೇ ಮಾಡುತ್ತಿದ್ದೇನೆ, ಇಚ್ಛೆ ನನ್ನಲ್ಲಿದೆ, ನೆರವೇರಿಸುವ ಶಕ್ತಿ ಇಲ್ಲ ಎಂದು ಪೌಲನು ಅಲ್ಲಿ ಬರೆಯುತ್ತಾನೆ. ಇದನ್ನು ಬೋಧಿಸುವವರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಇದು ಕ್ರಿಸ್ತನನ್ನು ಅರಿಯುವ ಮೊದಲಿನ ಸ್ಥಿತಿ, ವಿಶ್ವಾಸಿಗೆ ಇದು ಅನ್ವಯಿಸದು ಎಂದು ಹೇಳಿ ಕೇಳುಗರ ಕೈಯಿಂದ ಆ ಅಧ್ಯಾಯವನ್ನೇ ಕಿತ್ತುಕೊಳ್ಳುವುದು ಒಂದು. ಪೌಲನಿಗೇ ಆಗಲಿಲ್ಲ, ನಮಗೆಲ್ಲಿ ಸಾಧ್ಯ ಎಂದು ನಗಿಸಿ ಮನೆಗೆ ಕಳುಹಿಸುವುದು ಇನ್ನೊಂದು. ಈ ಕೂಟದ ಬೋಧಕರು ಎರಡನ್ನೂ ಮಾಡಲಿಲ್ಲ. ಆ ಅಧ್ಯಾಯದ 'ನಾನು' ಯಾರು ಎಂಬ ಪ್ರಶ್ನೆ ಸಭೆಯಷ್ಟೇ ಹಳೆಯದೆಂದು ಅವರು ಒಪ್ಪಿಕೊಂಡರು. ಆದಿಸಭೆಯ ದೇವಶಾಸ್ತ್ರಿ ಅಗಸ್ಟೀನನು ಮೊದಲು ಅದನ್ನು ಕೃಪೆಯನ್ನು ಇನ್ನೂ ಅರಿಯದೆ ಮೋಶೆಯ ಧರ್ಮಶಾಸ್ತ್ರದ ಕೆಳಗಿರುವ ಮನುಷ್ಯನ ಮಾತೆಂದು ಓದಿ, ಐದನೆಯ ಶತಮಾನದ ಆರಂಭದಲ್ಲಿ ಮನುಷ್ಯನು ತನ್ನ ಇಚ್ಛಾಬಲದಿಂದಲೇ ಒಳ್ಳೆಯವನಾಗಬಲ್ಲನೆಂದ ಪೆಲೇಜಿಯಸನ ವಾದಗಳನ್ನು ಎದುರಿಸುತ್ತ ತನ್ನ ಅಭಿಪ್ರಾಯವನ್ನು ಬದಲಿಸಿ, ಅದು ಕೃಪೆಯ ಕೆಳಗಿರುವವನ ಮಾತೂ ಹೌದೆಂದು ಬರೆದದ್ದನ್ನು ತಿಳಿಸಿದರು. ಪ್ರೊಟೆಸ್ಟೆಂಟ್ ಸುಧಾರಣೆಯ ಲೂಥರ್ ಈ ಎರಡನೆಯ ಓದನ್ನು ಹಿಡಿದರೆ, ಪಯಟಿಸ್ಟ್ ಪರಂಪರೆಯ ಹಲವರು ಮೊದಲನೆಯದರ ಕಡೆಗೆ ವಾಲಿದರು ಎಂದೂ ಹೇಳಿದರು. ಈ ಕೊನೆಯ ಮಾತು ಬಾಸೆಲ್ ಮಿಷನ್ನಿನ ಮೊಮ್ಮಕ್ಕಳು ಕುಳಿತಿದ್ದ ಆ ಸಭಾಂಗಣದಲ್ಲಿ ಎಷ್ಟು ಜನರಿಗೆ ತಟ್ಟಿತೋ ತಿಳಿಯದು, ನನಗಂತೂ ನಮ್ಮ ಸಂಕೋಚದ ಮೂಲ ಅರ್ಧದಷ್ಟು ಅಲ್ಲಿಯೇ ಸಿಕ್ಕಿತು. ವಿಶ್ವಾಸಿಯಾದವನು ಏಳನೆಯ ಅಧ್ಯಾಯವನ್ನು ದಾಟಿ ಬಂದಿರಲೇಬೇಕು ಎಂದು ಕಲಿಸಿದರೆ, ಇನ್ನೂ ಅಲ್ಲಿಯೇ ಇರುವವನು ದಾಟಿದಂತೆ ನಟಿಸದೆ ಬೇರೇನು ಮಾಡಿಯಾನು?

ವಾದದಲ್ಲಿ ಯಾವ ಪಕ್ಷ ಸರಿಯಾದರೂ, ಅಧ್ಯಾಯ ಮುಗಿಯುವ ಬಗೆಯನ್ನು ಗಮನಿಸಿ ಎಂದು ಬೋಧಕರು ಹೇಳಿದ್ದು ಆ ರಾತ್ರಿಯ ಮುಖ್ಯ ಮಾತು. ನಾನು ಎಂಥ ದುರವಸ್ಥೆಯವನು ಎಂದು ಕೂಗಿದ ಮೇಲೆ ಪೌಲನು 'ಇನ್ನು ಹೇಗೆ ಪ್ರಯತ್ನಿಸಲಿ' ಎಂದು ಕೇಳುವುದಿಲ್ಲ, 'ನನ್ನನ್ನು ಬಿಡಿಸುವವರು ಯಾರು' ಎಂದು ಕೇಳುತ್ತಾನೆ. ಉತ್ತರವಾಗಿ ಬರುವುದೂ ಒಂದು ವಿಧಾನವಲ್ಲ, ಯೇಸು ಕ್ರಿಸ್ತನ ಮೂಲಕ ದೇವರಿಗೆ ಸ್ತೋತ್ರ ಎಂಬ ಮಾತಿನಲ್ಲಿರುವ ಒಬ್ಬ ವ್ಯಕ್ತಿಯ ಹೆಸರು. ಹಾಗೆ ಸ್ತೋತ್ರ ಹೇಳಿದ ನಂತರವೂ ಅದೇ ವಚನದಲ್ಲಿ ಆತನು ಹಳೆಯ ಹೋರಾಟವನ್ನು ಮತ್ತೊಮ್ಮೆ ನೆನೆಯುತ್ತಾನೆ, ಅಂದರೆ ಬಿಡಿಸುವವನು ಸಿಕ್ಕ ಮೇಲೂ ಬಲಹೀನತೆ ಕಣ್ಮರೆಯಾಗಿಲ್ಲ. ಅಲ್ಲಿಂದ ಮುಂದಿನ ಅಧ್ಯಾಯ ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧನಿರ್ಣಯವಿಲ್ಲ ಎಂದು ಆರಂಭವಾಗುತ್ತದೆ. ಪೌಲನ ಪತ್ರಿಕೆಯಲ್ಲಿ ಅಧ್ಯಾಯದ ಸಂಖ್ಯೆಗಳಿರಲಿಲ್ಲ, ಈಗಿರುವ ವಿಭಜನೆ ಹದಿಮೂರನೆಯ ಶತಮಾನದ್ದು, ವಚನಗಳ ಅಂಕಿಗಳು ಬಂದದ್ದು 1551ರಲ್ಲಿ. ಆದುದರಿಂದ ಏಳನೆಯದನ್ನು ಓದಿದವರು ಎಂಟನೆಯದರ ಮೊದಲ ಸಾಲನ್ನು ಓದದೆ ಪುಸ್ತಕ ಮುಚ್ಚಬಾರದು ಎಂದ ಬೋಧಕರೇ, ಊಟದ ಗಂಟೆ ಬಾರಿಸಿದ್ದರಿಂದ ಎಂಟನೆಯ ಅಧ್ಯಾಯವನ್ನು ಮರುದಿನಕ್ಕೆ ಮುಂದೂಡಬೇಕಾಯಿತು. ಅಡುಗೆಮನೆಯ ಶಿಸ್ತು ಬಾಸೆಲ್ ಮಿಷನ್ನಿನದೇ ಇರಬೇಕು.

ಶನಿವಾರ ಬೆಳಗಿನ ಎರಡು ಅಧಿವೇಶನಗಳು ಯೇಸುವಿನ ಶಿಷ್ಯ ಪೇತ್ರನ ಕುರಿತು. ಇಡೀ ಕೂಟದಲ್ಲಿ ಶ್ರೇಷ್ಠವಾದುದು ಇದೇ, ಶುಲ್ಕ ಇದೊಂದಕ್ಕೇ ಸಲ್ಲುತ್ತದೆ. ಎಲ್ಲರೂ ಹಿಂಜರಿದರೂ ನಾನು ಹಿಂಜರಿಯುವುದಿಲ್ಲ, ಸಾಯಬೇಕಾದರೂ ನಿನ್ನನ್ನು ಅರಿಯೆನೆಂದು ಹೇಳುವುದಿಲ್ಲ ಎಂದು ಯೇಸು ಸೆರೆಸಿಕ್ಕ ರಾತ್ರಿ ಪೇತ್ರನು ಹೇಳಿದಾಗ ಆತನು ಸುಳ್ಳು ಹೇಳುತ್ತಿರಲಿಲ್ಲ ಎಂಬಲ್ಲಿಂದ ಬೋಧಕರು ಹೊರಟರು. ಆ ಕ್ಷಣದಲ್ಲಿ ಅದು ಪ್ರಾಮಾಣಿಕವಾದ ಮಾತು, ತೋಟದಲ್ಲಿ ಕತ್ತಿ ಹಿರಿದವನೂ ಆತನೇ ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಮಾರ್ಕನ ಸುವಾರ್ತೆಯಂತೆ ಉಳಿದ ಶಿಷ್ಯರೂ ಹಾಗೆಯೇ ಮಾತು ಕೊಟ್ಟರು. ಅದಾಗಿ ಕೆಲವೇ ಹೊತ್ತಿಗೆ ಗೆತ್ಸೆಮನೆಯಲ್ಲಿ ಒಂದು ಗಳಿಗೆ ಎಚ್ಚರವಾಗಿರಲಾರದೆ ನಿದ್ದೆಹೋದರು. ಮನಸ್ಸು ಸಿದ್ಧವಾಗಿದ್ದರೂ ದೇಹಕ್ಕೆ ಬಲ ಸಾಲದೆಂದು ಯೇಸು ಅಲ್ಲಿ ಹೇಳಿದ ಮಾತನ್ನು ನಾವು ಗದರಿಕೆಯ ದನಿಯಲ್ಲಿ ಓದಿ ರೂಢಿಮಾಡಿಕೊಂಡಿದ್ದೇವೆ. ಮಲಗಿದವರ ಮನಸ್ಸು ಸಿದ್ಧವಾಗಿತ್ತೆಂದು ಸಾಕ್ಷಿ ನುಡಿದವನು ಯೇಸುವೇ, ಅವರ ಪರವಾಗಿ ಅದನ್ನು ಹೇಳಲು ಆ ರಾತ್ರಿ ಬೇರೆ ಯಾರೂ ಇರಲಿಲ್ಲ ಎಂಬುದನ್ನು ಬೋಧಕರು ತೋರಿಸಿಕೊಟ್ಟಾಗ, ಮುಂದಿನ ಸಾಲಿನಲ್ಲಿದ್ದ ನಿವೃತ್ತ ಶಿಕ್ಷಕರೊಬ್ಬರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

ಆಮೇಲೆ ಲೂಕನ ಸುವಾರ್ತೆಯ ಇಪ್ಪತ್ತೆರಡನೆಯ ಅಧ್ಯಾಯಕ್ಕೆ ಹೋದರು. ಪೇತ್ರನು ತನ್ನ ಪ್ರತಿಜ್ಞೆಯನ್ನು ಮಾಡುವುದಕ್ಕೂ ಮೊದಲು, ನಿನ್ನ ನಂಬಿಕೆ ಕುಂದಿಹೋಗಬಾರದೆಂದು ನಾನು ನಿನಗೋಸ್ಕರ ಬೇಡಿಕೊಂಡಿದ್ದೇನೆ ಎಂದು ಯೇಸು ಹೇಳುತ್ತಾನೆ. ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂದೂ ಸೇರಿಸುತ್ತಾನೆ. ಬೀಳುವುದಕ್ಕೆ ಮೊದಲೇ ಪ್ರಾರ್ಥನೆ ಆಗಿದೆ, ತಿರುಗಿ ಬರುವುದು ಖಚಿತವಾಗಿದೆ, ಬಂದ ಮೇಲೆ ಮಾಡಬೇಕಾದ ಕೆಲಸವನ್ನೂ ವಹಿಸಿಯಾಗಿದೆ, ಇಷ್ಟಾದ ಮೇಲೆ ಪೇತ್ರನ ಮಾತು ಬರುತ್ತದೆ. ಆ ರಾತ್ರಿ ಎರಡು ಮಾತುಗಳು ಆಡಲ್ಪಟ್ಟವು, ಶಿಷ್ಯನ ಪ್ರತಿಜ್ಞೆ ಕೋಳಿ ಕೂಗುವಷ್ಟರಲ್ಲಿ ಮುರಿಯಿತು, ಕರ್ತನ ಪ್ರಾರ್ಥನೆ ಮುರಿಯಲಿಲ್ಲ, ಪೇತ್ರನು ಉಳಿದದ್ದು ಎರಡನೆಯದರಿಂದ ಎಂದು ಬೋಧಕರು ವಿವರಿಸಿದರು. ಕ್ರಿಸ್ತನನ್ನು ಆಶ್ರಯಿಸುವುದು ಎಂಬ ಮಾತನ್ನು ನಾವು ಪ್ರಾರ್ಥನೆಗಳಲ್ಲಿ ಎಷ್ಟು ಸಲ ಬಳಸುತ್ತೇವೋ ಲೆಕ್ಕವಿಲ್ಲ, ಆದರೆ ಅದು ನಮ್ಮ ಒಳಗಿನ ಒಂದು ಗಟ್ಟಿ ಭಾವನೆ ಎಂದೇ ತಿಳಿದಿರುತ್ತೇವೆ. ನಾವು ನಿದ್ದೆಹೋಗಿರುವಾಗಲೂ, ಅರಿಯೆನೆಂದು ಆಣೆಯಿಡುತ್ತಿರುವಾಗಲೂ ನಮಗಾಗಿ ಬೇಡುತ್ತಿರುವ ಒಬ್ಬನಿದ್ದಾನೆ, ಆಶ್ರಯ ಎಂಬುದು ಆತನ ಕೆಲಸದ ಮೇಲೆ ನಿಂತಿದೆಯೇ ಹೊರತು ನಮ್ಮ ಹಿಡಿತದ ಬಿಗಿಯ ಮೇಲಲ್ಲ. ಆತನು ಈಗಲೂ ನಮಗೋಸ್ಕರ ಬೇಡುವವನಾಗಿದ್ದಾನೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯವೂ, ಇಬ್ರಿಯರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯವೂ ಹೇಳುವುದನ್ನು ಇದರೊಂದಿಗೆ ಜೋಡಿಸಿದ್ದರಿಂದ ಹಿಂದಿನ ರಾತ್ರಿ ಉಳಿದಿದ್ದ ಪಾಠವೂ ಪೂರ್ಣವಾಯಿತು.

ತಿಬೇರಿಯ ಸಮುದ್ರದ ದಡದ ಪ್ರಸಂಗವನ್ನು ಎರಡನೆಯ ಅಧಿವೇಶನಕ್ಕೆ ಇಟ್ಟುಕೊಂಡಿದ್ದರು. ಮಹಾಯಾಜಕನ ಅಂಗಳದಲ್ಲಿ ಪೇತ್ರನು ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತ ನಿಂತು ಕರ್ತನನ್ನು ಅಲ್ಲಗಳೆದನು, ಪುನರುತ್ಥಾನದ ನಂತರ ದಡದಲ್ಲಿ ಯೇಸು ಆತನಿಗಾಗಿ ಹೊತ್ತಿಸಿಟ್ಟದ್ದೂ ಇದ್ದಲಿನ ಬೆಂಕಿಯೇ, ಇವೆರಡನ್ನೂ ಯೋಹಾನನೇ ದಾಖಲಿಸಿದ್ದಾನೆ. ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ 'ನನ್ನನ್ನು ಪ್ರೀತಿಸುತ್ತೀಯಾ' ಎಂಬ ಪ್ರಶ್ನೆ. ಇದನ್ನು ಬಹಳ ಜನ ಹೇಳುತ್ತಾರೆ. ಬೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ದಡದಲ್ಲಿ ಯೇಸು ಏನನ್ನು ಕೇಳಲಿಲ್ಲ ಎಂಬುದರತ್ತ ನಮ್ಮನ್ನು ತಿರುಗಿಸಿದರು. ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಮಾತು ಕೊಡು ಎಂದು ಆತನು ಕೇಳಲಿಲ್ಲ. ಪೇತ್ರನೂ ಈ ಸಲ ಮಾತು ಕೊಡಲಿಲ್ಲ, ಉಳಿದವರಿಗಿಂತ ನಾನು ಹೆಚ್ಚೆಂದು ಹೇಳಿಕೊಳ್ಳಲಿಲ್ಲ, ಕರ್ತನೇ ನೀನು ಎಲ್ಲವನ್ನೂ ಬಲ್ಲೆ ಎಂದು ತನ್ನ ಪ್ರೀತಿಯ ಸಾಕ್ಷಿಯನ್ನೂ ಆತನ ತಿಳಿವಳಿಕೆಗೇ ಬಿಟ್ಟುಕೊಟ್ಟನು. ಪ್ರತಿಜ್ಞೆಯಿಲ್ಲದೆಯೇ ಕುರಿಗಳನ್ನು ಮೇಯಿಸುವ ಕೆಲಸ ಆತನ ಕೈಗೆ ಮರಳಿತು.

ಇಲ್ಲಿ ನನಗೆ ಒಂದು ಕೊರತೆ ಕಂಡಿತು. ಪೇತ್ರನ ಕಥೆ ದಡದಲ್ಲಿ ಮುಗಿಯುವುದಿಲ್ಲ. ಪವಿತ್ರಾತ್ಮನು ಇಳಿದುಬಂದ ಪಂಚಾಶತ್ತಮ ದಿನದ ಧೈರ್ಯವನ್ನೆಲ್ಲ ಕಂಡ ಮೇಲೂ, ಅಂತಿಯೋಕ್ಯದಲ್ಲಿ ಆತನು ಸುನ್ನತಿಯನ್ನು ಪಟ್ಟುಹಿಡಿದ ಯೆಹೂದಿ ವಿಶ್ವಾಸಿಗಳಿಗೆ ಹೆದರಿ, ಅನ್ಯಜನರೊಂದಿಗೆ ಅಂದರೆ ಯೆಹೂದ್ಯರಲ್ಲದವರೊಂದಿಗೆ ಊಟಮಾಡುವುದನ್ನು ಬಿಟ್ಟನೆಂದೂ, ಪೌಲನು ಮುಖಾಮುಖಿಯಾಗಿ ಆತನನ್ನು ಎದುರಿಸಿದನೆಂದೂ ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿದೆ. ಎತ್ತಿ ನಿಲ್ಲಿಸಲ್ಪಟ್ಟವನು ಮತ್ತೆ, ಅದೂ ಹಿಂದಿನಂತೆಯೇ ಜನರಿಗೆ ಹೆದರಿ ಎಡವಿದನು. ಒಮ್ಮೆ ಬಿದ್ದು ಎದ್ದವನ ಸಾಕ್ಷಿಯನ್ನು ಕೇಳಲು ನಮ್ಮ ಸಭೆಗಳಿಗೆ ಇಷ್ಟ, ಎದ್ದು ಮತ್ತೆ ಬಿದ್ದವನಿಗೆ ವೇದಿಕೆ ಸಿಗುವುದಿಲ್ಲ. ಕೂಟಕ್ಕೆ ಬಂದವರಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿಗೆ ಸೇರಿದವರೆಂದು ನನ್ನ ಅಂದಾಜು, ಅವರಿಗೆ ಅಂತಿಯೋಕ್ಯ ದಡಕ್ಕಿಂತಲೂ ಹತ್ತಿರದ ಊರು.

ಮಧ್ಯಾಹ್ನ ಆರೇಳು ಜನರ ಸಣ್ಣ ಗುಂಪುಗಳಲ್ಲಿ ಮಾತುಕತೆ. ಗುಂಪಿನಲ್ಲಿ ಆಡಿದ ಮಾತು ಹೊರಗೆ ಹೋಗಬಾರದೆಂದು ಆರಂಭದಲ್ಲಿಯೇ ಹೇಳಿದ್ದರಿಂದ ವಿವರಗಳನ್ನು ಇಲ್ಲಿ ಬರೆಯಲಾರೆ, ಆದರೆ ನಂತರದ ಸಾರ್ವಜನಿಕ ಪ್ರಶ್ನೋತ್ತರದಲ್ಲಿ ಎದ್ದ ಎರಡು ಮಾತುಗಳನ್ನು ಹೇಳಬಹುದು. ಕನ್ನಡಕ ಒರೆಸಿಕೊಂಡ ಶಿಕ್ಷಕರೇ ಎದ್ದು, "ಅಯ್ಯನೋರ, ವರ್ಷಾ ಡಿಸೆಂಬರ್ ಮೂವತ್ತೊಂದರ ರಾತ್ರಿ ಆರಾಧನಿಯೊಳಗ ಚೀಟಿ ಮ್ಯಾಲೆ ಬರದು ಇಡ್ತೀವ್ರಿ. ಜನವರಿ ಮುಗಿಯೂದ್ರಾಗ ಅದೂ ಮುಗೀತದ. ಈಗೀಗ ಬರಿಯಾಕ ನಾಚಿಕಿ ಆಗ್ತದ್ರಿ" ಎಂದರು. ನಾಚಿಕೆಯನ್ನು ಬಚ್ಚಿಟ್ಟುಕೊಂಡು ಬರೆಯುವುದಕ್ಕಿಂತ ನಾಚಿಕೆಯನ್ನೇ ಕರ್ತನ ಮುಂದಿಡುವುದು ಮೇಲು ಎಂದು ಉತ್ತರಿಸಿದ ಬೋಧಕರು, ಪೌಲನು ತನ್ನ ಶರೀರದಲ್ಲಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ, ಹೋಗದ ಬಲಹೀನತೆಯಲ್ಲಿಯೇ ಕೃಪೆ ಸಾಕೆಂಬ ಉತ್ತರ ಬಂದಿತು ಎಂಬುದನ್ನು ನೆನಪಿಸಿದರು. ಅದು ಒಳ್ಳೆಯ ಉತ್ತರ.

ಎರಡನೆಯ ಪ್ರಶ್ನೆಗೆ ಅಷ್ಟೇ ಒಳ್ಳೆಯ ಉತ್ತರ ಸಿಗಲಿಲ್ಲ. ಬೆಟಗೇರಿಯ ಕಡೆಯಿಂದ ಬಂದಿದ್ದ ಮಹಿಳೆಯೊಬ್ಬರು, "ದೇವರು ಕ್ಷಮಿಸ್ಯಾನಂತ ಅವರು ಸಮಾಧಾನ ಮಾಡ್ಕೊಂಡು ಬರ್ತಾರ್ರಿ. ನಾ ಒತ್ತಿ ಇಟ್ಟ ಬಂಗಾರ ಯಾರು ಬಿಡಸಬೇಕ್ರಿ?" ಎಂದು ಕೇಳಿದರು. ಸಭಾಂಗಣದಲ್ಲಿ ಯಾರೋ ನಕ್ಕರು, ಅವರು ನಗಲಿಲ್ಲ. ಕ್ಷಮೆ ಎಂಬುದು ದೊಡ್ಡದು, ಸಂಸಾರದಲ್ಲಿ ತಾಳ್ಮೆ ಬೇಕು ಎಂಬರ್ಥದ ನಾಲ್ಕು ಮಾತುಗಳಲ್ಲಿ ಬೋಧಕರು ಅದನ್ನು ಮುಗಿಸಿದ್ದು ಅವರ ಮಟ್ಟಕ್ಕೆ ತಕ್ಕದ್ದಾಗಿರಲಿಲ್ಲ. ಕೃಪೆ ಹೆಚ್ಚಲೆಂದು ಪಾಪದಲ್ಲಿಯೇ ಉಳಿಯೋಣವೇ ಎಂಬ ಪ್ರಶ್ನೆಯನ್ನು ಪೌಲನೇ ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ಎತ್ತಿ ಎಂದಿಗೂ ಇಲ್ಲವೆಂದು ಹೇಳಿದ್ದಾನೆ. ಸುಂಕ ವಸೂಲಿಯವನಾದ ಜಕ್ಕಾಯನ ಮನೆಗೆ ಯೇಸು ಮೊದಲು ಹೋದನು, ನಂತರ ಜಕ್ಕಾಯನು ಎದ್ದು ನಿಂತು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದನು. ಕೃಪೆ ಮೊದಲು ಬರುತ್ತದೆ ಎಂಬುದು ಎಷ್ಟು ಸತ್ಯವೋ, ಅದು ಬಂದ ಮನೆಯಿಂದ ಒತ್ತೆಯಿಟ್ಟ ಬಂಗಾರವನ್ನು ಬಿಡಿಸಲು ಹಣ ಹೊರಡುತ್ತದೆ ಎಂಬುದೂ ಅಷ್ಟೇ ಸತ್ಯ. ತನ್ನ ಬಲಹೀನತೆಯನ್ನು ಒಪ್ಪಿಕೊಂಡವನು ಅದರಿಂದ ನೊಂದವರ ಲೆಕ್ಕವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ, ಮತ್ತು ನೊಂದವರಿಗೆ ತಾಳ್ಮೆಯನ್ನು ಉಪದೇಶಿಸುವ ಹಕ್ಕು ವೇದಿಕೆಯ ಮೇಲಿರುವವರಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಈ ವಿಷಯಕ್ಕೆ ಮುಂದಿನ ಕೂಟದಲ್ಲಿ ಒಂದು ಪೂರ್ಣ ಅಧಿವೇಶನವನ್ನು ಮೀಸಲಿಡಬೇಕು, ಅದನ್ನು ಒಬ್ಬ ಮಹಿಳೆಯೇ ನಡೆಸಿಕೊಟ್ಟರೆ ಉತ್ತಮ.

ಗಾಯನದ ಬಗ್ಗೆ ಒಂದೆರಡು ಮಾತು. ಹಳೆಯ ಜರ್ಮನ್ ರಾಗದ ಕೀರ್ತನೆಗಳನ್ನು ಹಾರ್ಮೋನಿಯಂ ಜೊತೆ ನಿಧಾನವಾಗಿ ಹಾಡಿಸಿದಾಗ ಎಲ್ಲರೂ ಹಾಡಿದರು. ಯುವಕರ ತಂಡದವರು ಗಿಟಾರ್ ಮತ್ತು ಡ್ರಮ್ಸ್ ಹಿಡಿದು, ನಾನು ಜಯಶಾಲಿ ಎಂಬರ್ಥದ ಹಾಡುಗಳನ್ನು ಸತತವಾಗಿ ಹಾಡಿದ್ದು ವಿಷಯಕ್ಕೆ ಹೊಂದಲಿಲ್ಲ. ಮೈಕು ಎರಡೂ ದಿನ ಗೊರಗೊರ ಎನ್ನುತ್ತಿತ್ತು.

ಭಾನುವಾರ ಬೆಳಿಗ್ಗೆ ಪಾಪನಿವೇದನೆ ಮತ್ತು ಕರ್ತನ ಭೋಜನ. ಶಿಷ್ಯರೆಲ್ಲರೂ ಓಡಿಹೋಗಲಿರುವ ರಾತ್ರಿಯೇ, ಅದು ಗೊತ್ತಿದ್ದೂ ಯೇಸು ಅವರಿಗೆ ರೊಟ್ಟಿಯನ್ನು ಮುರಿದು ಕೊಟ್ಟನು, ಪೇತ್ರನು ಅಲ್ಲಗಳೆಯುವನೆಂಬ ಮುನ್ಸೂಚನೆಯನ್ನು ಲೂಕನು ಆ ಮೇಜಿನ ಪ್ರಸಂಗದಲ್ಲಿಯೇ ಇಟ್ಟಿದ್ದಾನೆ ಎಂದು ಸಭಾಪಾಲಕರು ಐದು ನಿಮಿಷದಲ್ಲಿ ಹೇಳಿ ಮುಗಿಸಿ ಭೋಜನವನ್ನು ಹಂಚಿದರು. ಅಂಥ ಸಂಕ್ಷಿಪ್ತ ಪ್ರಸಂಗವನ್ನು ಕೇಳಿ ಬಹಳ ಕಾಲವಾಗಿತ್ತು. ಅಲ್ಲಿಗೆ ಕೂಟ ಮುಗಿದಿದ್ದರೆ ಈ ವಿಮರ್ಶೆಯಲ್ಲಿ ಬಿಸಿನೀರು ಮತ್ತು ಮೈಕಿನ ದೂರುಗಳಷ್ಟೇ ಉಳಿಯುತ್ತಿದ್ದವು.

ಆದರೆ ಭೋಜನದ ಬೆನ್ನಿಗೇ ಕಾರ್ಯಕರ್ತರು ಸಾಲುಸಾಲಾಗಿ ಬಂದು ಎಲ್ಲರ ಕೈಗೆ ದಪ್ಪ ಕಾಗದದ ಒಂದು ಕಾರ್ಡನ್ನು ಕೊಟ್ಟರು. ಅದರ ಮೇಲೆ 'ನನ್ನ ಸಂಕಲ್ಪ' ಎಂದು ಅಚ್ಚಾಗಿತ್ತು. ಇಂದಿನಿಂದ ನಾನು ಬಿಟ್ಟುಬಿಡುವುದು, ಇಂದಿನಿಂದ ನಾನು ತಪ್ಪದೆ ಮಾಡುವುದು ಎಂಬ ಎರಡು ಅಂಕಣಗಳು, ಕೆಳಗೆ ದಿನಾಂಕ, ಸಹಿ, ಒಬ್ಬ ಸಾಕ್ಷಿಯ ಸಹಿ. ತುಂಬಿಸಿದವರು ಒಬ್ಬೊಬ್ಬರಾಗಿ ಮುಂದೆ ಬಂದು ಶಿಲುಬೆಯ ಕೆಳಗಿಟ್ಟಿದ್ದ ಪೆಟ್ಟಿಗೆಯಲ್ಲಿ ಹಾಕಬೇಕು, ಹಾಕಿದವರಿಗೆ ಚಪ್ಪಾಳೆ. ಇಡೀ ಶನಿವಾರ ಯೇಸು ಪೇತ್ರನಿಂದ ಮಾತನ್ನು ಕೇಳಲಿಲ್ಲ ಎಂದು ಕಲಿತವರು ಭಾನುವಾರ ಸಾಕ್ಷಿಯ ಸಮ್ಮುಖದಲ್ಲಿ ಮಾತು ಕೊಟ್ಟು ಸಹಿ ಹಾಕಿದರು. ಆತ್ಮನಿಂದ ಆರಂಭಿಸಿ ಈಗ ಶರೀರದಿಂದ ಪೂರ್ಣಗೊಳಿಸುತ್ತೀರೋ ಎಂದು ಪೌಲನು ಗಲಾತ್ಯದವರನ್ನು ಗದರಿಸಿದ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಬೋಧಕರು ಹುಡುಕಬೇಕಾಗಿರಲಿಲ್ಲ. ಆಣೆಯನ್ನೇ ಇಡಬೇಡಿ, ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂಬ ಪರ್ವತಪ್ರಸಂಗದ ಮಾತೂ ಇದೆ. ಮತ್ತಾಯನ ಸುವಾರ್ತೆಯ ಪ್ರಕಾರ ಆ ಮನುಷ್ಯನನ್ನು ಅರಿಯೆನೆಂದು ಪೇತ್ರನು ಹೇಳಿದ್ದು ಆಣೆಯಿಟ್ಟುಕೊಂಡೇ.

ನಿಶ್ಚಯ ಮಾಡುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ಭಯದಿಂದ ನಡುಗುತ್ತ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ ಎಂದು ಫಿಲಿಪ್ಪಿಯವರಿಗೆ ಬರೆದವನೂ ಪೌಲನೇ, ಉದ್ದೇಶವನ್ನೂ ಪ್ರಯತ್ನವನ್ನೂ ನಿಮ್ಮಲ್ಲಿ ಉಂಟುಮಾಡುವವನು ದೇವರೇ ಎಂದು ಮರುಸಾಲಿನಲ್ಲಿ ಬರೆದವನೂ ಆತನೇ. ಬೆಳಿಗ್ಗೆ ಎದ್ದು ಇವತ್ತು ಕೋಪವನ್ನು ತಡೆಯುತ್ತೇನೆ ಎಂದುಕೊಳ್ಳುವವನು, ಸಂಬಳದ ದಿನ ನೇರವಾಗಿ ಮನೆಗೆ ಹೋಗಲೆಂದು ಗೆಳೆಯನನ್ನು ಜೊತೆಗೆ ಕರೆದುಕೊಳ್ಳುವವನು ಸರಿಯಾದುದನ್ನೇ ಮಾಡುತ್ತಿದ್ದಾನೆ. ನನ್ನ ಆಕ್ಷೇಪವಿರುವುದು ಕಾರ್ಡು ಕೊಟ್ಟ ಸ್ಥಾನಕ್ಕೆ. ಕರ್ತನ ಭೋಜನದ ನಂತರ, ಎಲ್ಲಕ್ಕೂ ಕೊನೆಯಲ್ಲಿ, ಚಪ್ಪಾಳೆಯೊಂದಿಗೆ ಅದನ್ನು ತಂದಾಗ ಭಾಗವಹಿಸಿದವರು ಮನೆಗೆ ಒಯ್ಯುವುದು ಕ್ರಿಸ್ತನು ಕೊಟ್ಟದ್ದನ್ನಲ್ಲ, ತಾವು ಕೊಟ್ಟ ಮಾತನ್ನು. ಅದು ಮುರಿದ ದಿನ, ಮುರಿಯುವ ದಿನ ಬಂದೇ ಬರುತ್ತದೆ, ಅವರಿಗೆ ಮೊದಲು ನೆನಪಾಗುವುದು ಸಾಕ್ಷಿಯಾಗಿ ಸಹಿ ಹಾಕಿದವನ ಮುಖ, ಮತ್ತು ಮುಂದಿನ ಭಾನುವಾರ ಆ ಮುಖವನ್ನು ತಪ್ಪಿಸಿಕೊಳ್ಳಲು ಅವರು ಸಭೆಗೆ ಬರುವುದನ್ನೇ ಬಿಡುತ್ತಾರೆ. ಚೀಟಿಯಲ್ಲಿ ಬರೆಯಲು ನಾಚಿಕೆಯಾಗುತ್ತದೆ ಎಂದು ಹಿಂದಿನ ಮಧ್ಯಾಹ್ನ ಹೇಳಿದ್ದ ಶಿಕ್ಷಕರ ಕೈಗೂ ಒಂದು ಕಾರ್ಡು ಬಂತು.

ಇದಕ್ಕಿಂತ ಗಂಭೀರವಾದ ಇನ್ನೊಂದು ಅಪಾಯವಿದೆ, ಅದು ಬರಿಯ ದೇವಶಾಸ್ತ್ರದ ಮಾತಲ್ಲ. ಕಾರ್ಡಿನ ಮೊದಲ ಅಂಕಣದಲ್ಲಿ ಗಂಡಸರು ಸಾಮಾನ್ಯವಾಗಿ ಬರೆಯುವುದು ಕುಡಿತ. ಇಂದಿನಿಂದ ಒಂದು ಹನಿಯೂ ಇಲ್ಲ ಎಂದು ಬರೆಯುವವನು ವರ್ಷಗಟ್ಟಲೆ ದಿನವೂ ವಿಪರೀತವಾಗಿ ಕುಡಿದವನಾಗಿದ್ದರೆ, ವೈದ್ಯರ ನಿಗಾ ಇಲ್ಲದೆ ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ ತರಬಹುದು. ಕೈನಡುಕ, ಬೆವರು, ನಿದ್ರಾಹೀನತೆಗಳಿಂದ ಶುರುವಾಗಿ, ನಿಲ್ಲಿಸಿದ ಮೊದಲ ಒಂದೆರಡು ದಿನಗಳಲ್ಲಿ ಅಪಸ್ಮಾರದಂಥ ಸೆಳೆತಗಳು, ಎರಡು ಮೂರು ದಿನಗಳ ಹೊತ್ತಿಗೆ ಇಲ್ಲದ್ದು ಕಾಣಿಸುವುದು, ಕೇಳಿಸುವುದು, ದಿಕ್ಕುತಪ್ಪಿದ ಸನ್ನಿಯ ಸ್ಥಿತಿ ಬರಬಹುದು. ಮನೆಯವರು ಇದನ್ನು ದೆವ್ವವೆಂದೋ ಪರೀಕ್ಷೆಯೆಂದೋ ತಿಳಿದು ಪ್ರಾರ್ಥನೆಗೆ ಕರೆತರುವುದುಂಟು, ಆಗ ಬೇಕಾಗಿರುವುದು ಆಸ್ಪತ್ರೆ. ಧಾರವಾಡದಲ್ಲಿಯೇ ಸರ್ಕಾರದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇದೆ, ದೂರದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕೂಟದ ಆರಂಭದಿಂದ ಅಂತ್ಯದವರೆಗೆ ಇವುಗಳಲ್ಲಿ ಒಂದರ ಹೆಸರನ್ನೂ ಯಾರೂ ಹೇಳಲಿಲ್ಲ. ಮನುಷ್ಯನ ಬಲಹೀನತೆಯ ಬಗ್ಗೆ ಇಷ್ಟು ಆಳವಾಗಿ ಮಾತನಾಡಿದವರು, ಆ ಬಲಹೀನತೆ ನರನಾಡಿಗಳಲ್ಲಿಯೂ ಇರುತ್ತದೆ ಎಂಬುದನ್ನು ಬಿಟ್ಟದ್ದು ಸೋಜಿಗ. ವೈದ್ಯರ ಬಳಿ ಹೋಗುವುದು ನಂಬಿಕೆಯ ಕೊರತೆಯಲ್ಲ. ನನ್ನ ಮನೋಬಲ ಸಾಲದು ಎಂದು ಒಪ್ಪಿಕೊಂಡವನು ಮಾಡಬಹುದಾದ ವಿವೇಕದ ಕೆಲಸ ಅದು. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಮೊದಲ ಹೆಜ್ಜೆಯೂ ಕುಡಿತದ ಮುಂದೆ ನಾವು ಶಕ್ತಿಹೀನರು ಎಂಬ ಒಪ್ಪಿಗೆಯೇ, ಅಲ್ಲಿ ಒಂದು ದಿನದ ಮಟ್ಟಿಗೆ ಕುಡಿಯದಿರುವುದನ್ನು ಕಲಿಸುತ್ತಾರೆ, ಜೀವಮಾನದ ಮಾತನ್ನು ಬರೆಸಿಕೊಳ್ಳುವುದಿಲ್ಲ.

ಈ ಕೂಟಕ್ಕೆ ಯಾರು ಹೋಗಬೇಕು? ಸಭೆಯಲ್ಲಿ ಹುಟ್ಟಿ ಬೆಳೆದು, ಎಲ್ಲ ಕೀರ್ತನೆಗಳನ್ನೂ ಬಾಯಿಪಾಠ ಬಲ್ಲ, ಆದರೆ ತನ್ನೊಳಗಿನ ಸೋಲನ್ನು ಯಾರಿಗೂ ಹೇಳಿಕೊಳ್ಳದ ನಡುವಯಸ್ಸಿನವರು ಹೋಗಲೇಬೇಕು, ಅವರಿಗೆ ಶನಿವಾರದ ಪಾಠದಂಥದ್ದು ಬೇರೆಡೆ ಸಿಗುವುದು ಕಷ್ಟ. ಕ್ರೈಸ್ತರಲ್ಲದವರೂ ಕೆಲವರು ಬಂದಿದ್ದರು. ಮನಸ್ಸಿನ ಚಂಚಲತೆಯನ್ನು ವಚನಕಾರರಿಂದ ಕೇಳಿಕೊಂಡೇ ಬೆಳೆದ ಈ ಸೀಮೆಯವರಿಗೆ ಏಳನೆಯ ಅಧ್ಯಾಯದ ತಳಮಳ ಅಪರಿಚಿತವಾಗಿ ಕಾಣುವುದಿಲ್ಲ, ಅವರ ಮೇಲೆ ಯಾವ ಒತ್ತಾಯವೂ ನಡೆಯಲಿಲ್ಲ. ಬೇರೊಬ್ಬರ ಕುಡಿತದಿಂದಲೋ ಸಾಲದಿಂದಲೋ ನೊಂದು ಬದುಕುತ್ತಿರುವವರು ಸದ್ಯದ ರೂಪದಲ್ಲಿ ಇಲ್ಲಿಗೆ ಬರುವುದನ್ನು ನಾನು ಶಿಫಾರಸು ಮಾಡುವುದಿಲ್ಲ, ಅವರಿಗೆ ಕೊಡಬೇಕಾದುದನ್ನು ಸಂಘಟಕರು ಇನ್ನೂ ಸಿದ್ಧಪಡಿಸಿಲ್ಲ. ತೀವ್ರ ಕುಡಿತದಲ್ಲಿರುವವರು ಮೊದಲು ವೈದ್ಯರನ್ನು ಕಂಡು, ಅವರ ಸಲಹೆಯಂತೆ ಔಷಧ ಆರಂಭಿಸಿ ಬರಬೇಕು.

ಐದರಲ್ಲಿ ಅಂಕ ಕೊಡಬೇಕೆಂದರೆ ಬೋಧನೆಗೆ ಐದು, ಊಟ ವಸತಿಗೆ ಮೂರೂವರೆ, ಸಮಾರೋಪಕ್ಕೆ ಒಂದು ಕೊಡುತ್ತೇನೆ. ಮುಂದಿನ ಕೂಟ ಮಳೆಗಾಲದ ನಂತರವೆಂದು ಹೇಳಿದ್ದಾರೆ, ಸ್ಥಳ ಸೀಮಿತವಾಗಿರುವುದರಿಂದ ಹೆಸರನ್ನು ಮೊದಲೇ ಕೊಡಬೇಕು. ಕಾರ್ಡನ್ನು ತುಂಬಿಸದೆ ಹಿಂದಿರುಗಿಸಬಹುದೇ ಎಂದು ನಾನು ಒಬ್ಬ ಕಾರ್ಯಕರ್ತರನ್ನು ಕೇಳಿದಾಗ ಅವರು ಸ್ವಲ್ಪ ಯೋಚಿಸಿ, "ಕೊಡ್ರಿ, ಏನಾಗೂದಿಲ್ಲ" ಎಂದರು. ಹೋಗುವವರು ಇದನ್ನು ತಿಳಿದಿರಲಿ.